ಕಿಟಕಿಯಾಚೆ ಏನಿತ್ತು? ಮನೆಯ ಚಿತ್ರ ತಿದ್ದುವ ಕಲೆಯ ಚರಿತ್ರೆ

ವಿದೇಶದಲ್ಲಿ ಕೆಲಸ ಮಾಡುತ್ತಿರುವ ನನ್ನ ತಂಗಿಯ ಮಗ ಊರಿನಲ್ಲಿ ತಂದೆ ತಾಯಿಗಾಗಿ ಒಂದು ಫ್ಲ್ಯಾಟ್ ಹುಡುಕುತ್ತಿದ್ದ. ಮಾರಾಟದ ಜಾಹೀರಾತಿನಲ್ಲಿದ್ದ ಚಿತ್ರಗಳನ್ನು ಕಂಪ್ಯೂಟರಿನಲ್ಲೇ ನೋಡಿ, ಒಂದನ್ನು ಮೆಚ್ಚಿ, ಟೋಕನ್ ಹಣವನ್ನೂ ಕಳಿಸಿಬಿಟ್ಟ. ಅವನು ಮೆಚ್ಚಿದ್ದು ಮುಖ್ಯವಾಗಿ ಅಡುಗೆಮನೆಯನ್ನು. ತಂಗಿಗೆ ದೃಷ್ಟಿ ಮಂದ. ಹಗಲು ಬೆಳಕಿಲ್ಲದೆ ಅವಳಿಗೆ ಒಲೆಯ ಮುಂದೆ ಕೆಲಸ ಮಾಡುವುದು ಕಷ್ಟ. ಚಿತ್ರದಲ್ಲಿ ಅಡುಗೆಮನೆಯ ಕಿಟಕಿಯಾಚೆ ನೀಲಿ ಆಕಾಶವಿತ್ತು, ಹಸಿರು ಮರದ ತಲೆಯಿತ್ತು. "ಮಾವ, ನೀವೊಮ್ಮೆ ಹೋಗಿ ನೋಡಿ ಬನ್ನಿ, ಆಮೇಲೆ ಮುಂದಿನ ಮಾತು" ಎಂದ. ಹೋದೆ. ಕಿಟಕಿ ತೆರೆದರೆ ಐದಾರು ಅಡಿ ಆಚೆಗೆ ಪಕ್ಕದ ಕಟ್ಟಡದ ಸುಣ್ಣ ಬಳಿದ ಗೋಡೆ! ಮರವೂ ಇಲ್ಲ, ಆಕಾಶವೂ ಇಲ್ಲ. ನಡು ಮಧ್ಯಾಹ್ನ ಒಂದೆರಡು ಗಂಟೆ ಬಿಟ್ಟರೆ ಆ ಅಡುಗೆಮನೆಯಲ್ಲಿ ದೀಪ ಹಾಕಲೇಬೇಕು.

ಚಿತ್ರ ತೆಗೆದ ದಲ್ಲಾಳಿ ಯುವಕನನ್ನು ಕೇಳಿದೆ. ಆತ ಸುಳ್ಳು ಹೇಳಲಿಲ್ಲ. "ನಾನೇನೂ ಸೇರಿಸಿಲ್ಲ ಸಾರ್. ಫೋಟೋ ಚೆನ್ನಾಗಿ ಮಾಡು ಅಂತ ಒಂದು ಬಟನ್ ಒತ್ತಿದೆ, ಅಷ್ಟೆ" ಎಂದು ಮೂಲ ಚಿತ್ರವನ್ನೇ ನನ್ನ ಮೊಬೈಲಿಗೆ ಕಳಿಸಿದ. ಅದರಲ್ಲಿ ಕಿಟಕಿ ಅಚ್ಚ ಬಿಳಿಯ ಒಂದು ಚೌಕ ಮಾತ್ರ. ಕಂಪ್ಯೂಟರಿನಲ್ಲಿ ಆ ಚೌಕದ ಬಿಂದುಗಳ ಬೆಲೆಯನ್ನು ಓದಿ ನೋಡಿದೆ. ಎಲ್ಲ ಕಡೆಯೂ 255, 255, 255. ಅಂದರೆ ಆ ಚಿತ್ರದಲ್ಲಿ ಕಿಟಕಿಯಾಚೆಗಿನ ಮಾಹಿತಿಯೇ ಇರಲಿಲ್ಲ. ಹಾಗಾದರೆ ಮರ ಎಲ್ಲಿಂದ ಬಂತು?

ಈ ಪ್ರಶ್ನೆಗೆ ಉತ್ತರ ಹುಡುಕಬೇಕಾದರೆ ಸುಮಾರು ಇನ್ನೂರು ವರ್ಷ ಹಿಂದಕ್ಕೆ ಹೋಗಬೇಕು. ಛಾಯಾಚಿತ್ರಣದ ಚರಿತ್ರೆಯಲ್ಲಿ ಕಿಟಕಿಯ ಈ ಸಮಸ್ಯೆ ಮೊದಲ ದಿನದಿಂದಲೂ ಇದೆ. ಬನ್ನಿ, ಅದನ್ನು ಕ್ರಮವಾಗಿ ನೋಡೋಣ.

ಮೊದಲ ಚಿತ್ರವೇ ಮನೆಯದು

ಇಂದು ಉಳಿದಿರುವ ಅತ್ಯಂತ ಹಳೆಯ ಕ್ಯಾಮೆರಾ ಚಿತ್ರವನ್ನು ತೆಗೆದಾತ ಫ್ರಾನ್ಸಿನ ಜೋಸೆಫ್ ನಿಸೆಫೋರ್ ನಿಯೆಪ್ಸ್. ಕಾಲ 1826 ಅಥವಾ 1827. ತನ್ನ ಮನೆಯ ಮಹಡಿಯ ಕಿಟಕಿಯಿಂದ ಕಾಣುವ ಕಟ್ಟಡಗಳನ್ನು ಆತ ಒಂದು ಲೋಹದ ತಟ್ಟೆಯ ಮೇಲೆ ಮೂಡಿಸಿದ. ತಟ್ಟೆಗೆ ಬಳಿದಿದ್ದುದು ಬೆಳಕು ಬಿದ್ದಲ್ಲಿ ಗಟ್ಟಿಯಾಗುವ ಒಂದು ಬಗೆಯ ಡಾಂಬರು. ಚಿತ್ರ ಮೂಡಲು ಕನಿಷ್ಠ ಎಂಟು ಗಂಟೆ, ಬಹುಶಃ ಕೆಲವು ದಿನಗಳೇ ಹಿಡಿದವು. ಅಷ್ಟರಲ್ಲಿ ಸೂರ್ಯ ಪೂರ್ವದಿಂದ ಪಶ್ಚಿಮಕ್ಕೆ ಸರಿದಿದ್ದ. ಆದ್ದರಿಂದ ಚಿತ್ರದಲ್ಲಿ ಎದುರುಬದುರಾಗಿರುವ ಎರಡು ಗೋಡೆಗಳ ಮೇಲೂ ಬಿಸಿಲಿದೆ. ಯಾವ ಕಣ್ಣೂ ಯಾವ ಕ್ಷಣದಲ್ಲೂ ಕಾಣದ ದೃಶ್ಯ ಅದು!

ಈ ಕತೆಗೆ ಒಂದು ಬಾಲವಿದೆ. 1952ರಲ್ಲಿ ಇತಿಹಾಸಕಾರ ಹೆಲ್ಮುಟ್ ಗೆರ್ನ್‌ಶೈಮ್ ಕಳೆದುಹೋಗಿದ್ದ ಈ ತಟ್ಟೆಯನ್ನು ಪತ್ತೆ ಹಚ್ಚಿದರು. ಕೊಡಾಕ್ ಕಂಪನಿಯ ಪ್ರಯೋಗಾಲಯ ಅದರ ಪ್ರತಿ ತೆಗೆದುಕೊಟ್ಟಿತು. ಅದು ಮಸುಕಾಗಿ, ಕಲೆಗಳಿಂದ ತುಂಬಿತ್ತು. ಗೆರ್ನ್‌ಶೈಮ್ ಜಲವರ್ಣದ ಕುಂಚ ಹಿಡಿದು ಕುಳಿತು ಅದನ್ನು ತಿದ್ದಿದರು. ಪಠ್ಯಪುಸ್ತಕಗಳಲ್ಲಿ ದಶಕಗಳ ಕಾಲ ಅಚ್ಚಾದುದು ಈ ತಿದ್ದಿದ ಪ್ರತಿ. ಹೀಗೆ ಜಗತ್ತಿನ ಮೊದಲ ಮನೆಯ ಚಿತ್ರವನ್ನೂ ನಾವು ನೋಡಿರುವುದು ಬಹುಮಟ್ಟಿಗೆ 'ಸುಧಾರಿಸಿದ' ರೂಪದಲ್ಲಿ. ಆದರೆ ಮೂಲ ತಟ್ಟೆ ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಭದ್ರವಾಗಿದೆ. ಅನುಮಾನ ಬಂದವರು ಅದರೊಂದಿಗೆ ಹೋಲಿಸಿ ನೋಡಬಹುದು. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಇಂಗ್ಲೆಂಡಿನ ಹೆನ್ರಿ ಫಾಕ್ಸ್ ಟಾಲ್ಬಟ್ 1835ರ ಆಗಸ್ಟ್‌ನಲ್ಲಿ ತನ್ನ ಲಕಾಕ್ ಅಬ್ಬೆ ಮನೆಯ ಒಳಗೆ ಪುಟ್ಟ ಕ್ಯಾಮೆರಾವನ್ನಿಟ್ಟು ಕಿಟಕಿಯೊಂದರ ಚಿತ್ರ ತೆಗೆದ. ಇಂದು ಉಳಿದಿರುವ ಅತ್ಯಂತ ಹಳೆಯ ಕ್ಯಾಮೆರಾ ನೆಗೆಟಿವ್ ಇದೇ. ಅದರಲ್ಲಿ ಕಿಟಕಿಯ ಗಾಜಿನ ಚೌಕಗಳು ಸ್ಪಷ್ಟವಾಗಿವೆ. ಆದರೆ ಕಿಟಕಿಯ ಸುತ್ತ ಇದ್ದ ಕೋಣೆ ದಾಖಲಾಗಿಲ್ಲ. ನಮ್ಮ ಅಡುಗೆಮನೆಯ ಚಿತ್ರದಲ್ಲಿ ಕೋಣೆ ಉಳಿದು ಕಿಟಕಿ ಕಳೆದುಹೋಯಿತು. ಇಲ್ಲಿ ಕಿಟಕಿ ಉಳಿದು ಕೋಣೆ ಕಳೆದುಹೋಯಿತು. ಕಾರಣ ಎರಡಕ್ಕೂ ಒಂದೇ.

ತುಂಬಿ ಹರಿದ ಕೊಡ

ಕಾರಣವನ್ನು ಅಂಕಿಗಳಲ್ಲಿ ನೋಡೋಣ. ನಡು ಮಧ್ಯಾಹ್ನದ ಬಿಸಿಲಿನಲ್ಲಿ ಹೊರಗಿನ ದೀಪನ ಸುಮಾರು 1,00,000 ಲಕ್ಸ್. ಅದೇ ಹೊತ್ತಿನಲ್ಲಿ ಕೋಣೆಯೊಳಗೆ, ಕಿಟಕಿಯಿಂದ ದೂರದ ಮೂಲೆಯಲ್ಲಿ, 100ರಿಂದ 200 ಲಕ್ಸ್ ಇದ್ದರೆ ಹೆಚ್ಚು. ಇಲ್ಲಿಗೇ 500ರಿಂದ 1,000 ಪಟ್ಟು ವ್ಯತ್ಯಾಸವಾಯಿತು. ಇದರ ಜೊತೆಗೆ ಹೊರಗಿನ ಬಿಳಿ ಗೋಡೆ ಬಿದ್ದ ಬೆಳಕಿನ ಶೇಕಡಾ 80ರಷ್ಟನ್ನು ಪ್ರತಿಫಲಿಸುತ್ತದೆ. ಒಳಗಿನ ಕಪ್ಪು ಗ್ರಾನೈಟ್ ಕಟ್ಟೆ ಶೇಕಡಾ 5ರಷ್ಟನ್ನು ಮಾತ್ರ. ಇದು ಇನ್ನೂ 16 ಪಟ್ಟು. ಗುಣಿಸಿದರೆ ಒಂದೇ ಚೌಕಟ್ಟಿನೊಳಗಿನ ಅತಿ ಪ್ರಕಾಶದ ಮತ್ತು ಅತಿ ಮಬ್ಬಿನ ಜಾಗಗಳ ನಡುವೆ 8,000ದಿಂದ 16,000 ಪಟ್ಟು ಅಂತರ.

ನಮ್ಮ ಕಣ್ಣು ಇದನ್ನು ನಿಭಾಯಿಸುತ್ತದೆ. ಕಿಟಕಿಯತ್ತ ನೋಡುವಾಗ ಒಂದು ಹೊಂದಾಣಿಕೆ, ಮೂಲೆಯತ್ತ ನೋಡುವಾಗ ಇನ್ನೊಂದು. ಮಿದುಳು ಇವೆರಡನ್ನೂ ಹೆಣೆದು ಒಂದೇ ದೃಶ್ಯವೆಂದು ನಮಗೆ ತೋರಿಸುತ್ತದೆ. ಕ್ಯಾಮೆರಾಕ್ಕೆ ಆ ಅನುಕೂಲವಿಲ್ಲ. ಇಡೀ ಚಿತ್ರಕ್ಕೆ ಅದು ಒಂದೇ ಅವಧಿಯ ಬೆಳಕನ್ನು ಒಳಗೆ ಬಿಡುತ್ತದೆ.

ಸಂವೇದಕದ ಪ್ರತಿಯೊಂದು ಬಿಂದುವನ್ನೂ ಮಳೆಯಲ್ಲಿ ಇಟ್ಟ ಕೊಡ ಎಂದು ಭಾವಿಸಿ. ಮಳೆಹನಿಗಳೇ ಫೋಟಾನುಗಳು. ಕೊಡ ತುಂಬಿದ ಮೇಲೆ ಎಷ್ಟು ಮಳೆ ಬಿದ್ದರೂ ಅದು ಹೊರಗೆ ಚೆಲ್ಲಿಹೋಗುತ್ತದೆ. ಎರಡು ಕೊಡಗಳೂ ತುಂಬಿದ್ದರೆ ಎಲ್ಲಿ ಹೆಚ್ಚು ಮಳೆಯಾಯಿತು ಎಂದು ಹೇಳಲಾಗದು. ಚಿತ್ರದಲ್ಲಿ 255 ಎಂದು ಬರೆದಿರುವುದು ಇಂತಹ ತುಂಬಿ ಹರಿದ ಕೊಡಗಳನ್ನು. ಹಾಗೆಂದು ಮಳೆಯಲ್ಲಿಡುವ ಅವಧಿಯನ್ನು ಕಡಿಮೆ ಮಾಡಿದರೆ ಇನ್ನೊಂದು ತೊಂದರೆ. ಒಂದು ಬಿಂದು 5,000 ಎಲೆಕ್ಟ್ರಾನುಗಳಿಗೆ ತುಂಬುತ್ತದೆ ಎಂದುಕೊಳ್ಳಿ. ಕಿಟಕಿಯ ಬಿಂದು ಸರಿಯಾಗಿ ತುಂಬುವಷ್ಟು ಹೊತ್ತು ಮಾತ್ರ ಬೆಳಕು ಬಿಟ್ಟರೆ, 16,000 ಪಟ್ಟು ಮಬ್ಬಾದ ಮೂಲೆಗೆ ಸಿಗುವುದು ಸರಾಸರಿ 0.3 ಎಲೆಕ್ಟ್ರಾನ್! ಇನ್ನು ಫೋಟಾನುಗಳ ಆಗಮನವೇ ಯಾದೃಚ್ಛಿಕ. ಸರಾಸರಿ N ಫೋಟಾನು ಬರುವಲ್ಲಿ ಏರಿಳಿತ N ನ ವರ್ಗಮೂಲದಷ್ಟು. 10,000 ಬಂದರೆ ಏರಿಳಿತ 100, ಅಂದರೆ ಶೇಕಡಾ 1. 100 ಮಾತ್ರ ಬಂದರೆ ಏರಿಳಿತ 10, ಅಂದರೆ ಶೇಕಡಾ 10. ಮಬ್ಬಿನ ಚಿತ್ರಗಳಲ್ಲಿ ಕಾಣುವ ರವೆ ರವೆಯಂತಹ ಗದ್ದಲದ ಒಂದು ಮುಖ್ಯ ಮೂಲ ಇದು. ಯಾವ ಕಂಪನಿಯ ಕ್ಯಾಮೆರಾವೂ ಈ ನಿಯಮವನ್ನು ಮೀರಲಾರದು.

ಕತ್ತರಿ ಮತ್ತು ಅಂಟು

ಪರಿಹಾರವನ್ನು ಹತ್ತೊಂಬತ್ತನೆಯ ಶತಮಾನವೇ ಕಂಡುಕೊಂಡಿತ್ತು. 1851ರಲ್ಲಿ ಫ್ರೆಂಚ್ ಸರ್ಕಾರದ ಐತಿಹಾಸಿಕ ಸ್ಮಾರಕಗಳ ಆಯೋಗ ದೇಶದ ಹಳೆಯ ಕಟ್ಟಡಗಳನ್ನು ದಾಖಲಿಸಲು ಐವರು ಛಾಯಾಗ್ರಾಹಕರನ್ನು ಕಳಿಸಿತು. ಅವರಲ್ಲೊಬ್ಬ ಎದುವಾರ್ ಬಾಲ್ದು. ಆರ್ಲ್ ಪಟ್ಟಣದ ಸಂತ ಟ್ರೊಫೀಮ್ ಮಠದ ಪಡಸಾಲೆಯನ್ನು ಆತ ಚಿತ್ರಿಸಬೇಕಾಗಿತ್ತು. ಒಳಗೆ ಕಮಾನುಗಳ ಕತ್ತಲೆ, ಪಕ್ಕದ ಅಂಗಳದಲ್ಲಿ ಬಿಸಿಲು. ಬಾಲ್ದು ಒಂದೇ ನೆಗೆಟಿವ್‌ನಿಂದ ಆಗದೆಂದು ತಿಳಿದು, ಕತ್ತಲೆಗೆ ಬೇರೆ, ಬಿಸಿಲಿಗೆ ಬೇರೆ, ಹತ್ತಿರಕ್ಕೆ ಬೇರೆ, ದೂರಕ್ಕೆ ಬೇರೆ ಎಂದು ಹಲವು ಕಾಗದದ ನೆಗೆಟಿವ್‌ಗಳನ್ನು ತೆಗೆದ. ಅವುಗಳ ತುಂಡುಗಳನ್ನು ಜೋಡಿಸಿ, ಅಂಚು ಕಾಣದಂತೆ ಕೈಯಿಂದ ತಿದ್ದಿ ಒಂದೇ ಚಿತ್ರ ಮಾಡಿದ.

ಅದೇ ತಂಡದಲ್ಲಿದ್ದ ಗುಸ್ತಾವ್ ಲ ಗ್ರೇ ಕೆಲವು ವರ್ಷಗಳ ಅನಂತರ, 1857ರ ಸುಮಾರಿಗೆ, ಸಮುದ್ರಕ್ಕೆ ಒಂದು ನೆಗೆಟಿವ್, ಆಕಾಶಕ್ಕೆ ಇನ್ನೊಂದು ತೆಗೆದು ಒಂದೇ ಹಾಳೆಯಲ್ಲಿ ಮುದ್ರಿಸಿದ. ಆ ಕಾಲದ ತಟ್ಟೆಗಳು ನೀಲಿ ಬೆಳಕಿಗೆ ಅತಿಯಾಗಿ ಸ್ಪಂದಿಸುತ್ತಿದ್ದವು. ಆಕಾಶ ಸದಾ ಬಿಳುಚಿಕೊಳ್ಳುತ್ತಿತ್ತು. 1873ರಲ್ಲಿ ಜರ್ಮನಿಯ ಹರ್ಮನ್ ಫೋಗೆಲ್ ಬಣ್ಣಗಳನ್ನು ಬೆರೆಸಿ ತಟ್ಟೆಗೆ ಹಸಿರೂ ಕಾಣುವಂತೆ ಮಾಡಿದ ಮೇಲೆ ಈ ತೊಂದರೆ ತಗ್ಗುತ್ತ ಬಂತು.

ಲ ಗ್ರೇ ಮತ್ತು ಬಾಲ್ದು ಇಬ್ಬರ ಕೆಲಸವೂ ಒಂದೇ ತೆರನಾಗಿ ಕಾಣುತ್ತದೆ. ಆದರೆ ಒಂದು ಸೂಕ್ಷ್ಮವಿದೆ. ಬಾಲ್ದುವಿನ ಅಂಗಳದ ಬಿಸಿಲು ಅದೇ ಅಂಗಳದಿಂದ ಬಂದ ಬೆಳಕಿನ ದಾಖಲೆ. ಲ ಗ್ರೇ ಮಾತ್ರ ಒಮ್ಮೆ ತೆಗೆದ ಮೋಡಗಳನ್ನು ಬೇರೆ ಸಮುದ್ರದ ಮೇಲೂ ಬಳಸಿದ್ದುಂಟು. ಕಲಾಕೃತಿಯಲ್ಲಿ ಅದು ತಪ್ಪಲ್ಲ. ಹವಾಮಾನದ ದಾಖಲೆಯೆಂದು ಅದನ್ನು ಹಿಡಿದರೆ ತಪ್ಪು.

ಇದೇ ಕಾಲದಲ್ಲಿ, 1856ರಲ್ಲಿ, ಅಲೆಗ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ನಮ್ಮ ಹಂಪಿಯ ಕಟ್ಟಡಗಳನ್ನು ದೊಡ್ಡ ಕಾಗದದ ನೆಗೆಟಿವ್‌ಗಳಲ್ಲಿ ಸೆರೆಹಿಡಿದ. ಶತಮಾನಕ್ಕೂ ಹೆಚ್ಚು ಕಾಲ ಕಳೆದ ಮೇಲೆ ಬೇರೆ ಛಾಯಾಗ್ರಾಹಕರು ಅದೇ ಜಾಗಗಳಲ್ಲಿ ನಿಂತು ಮತ್ತೆ ಚಿತ್ರ ತೆಗೆದರು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟರೆ ಯಾವ ಗೋಪುರದ ಯಾವ ಭಾಗ ಉದುರಿದೆ, ಯಾವ ಕಂಬ ಬಿದ್ದಿದೆ ಎಂಬುದನ್ನು ಹೇಳಬಹುದು. ಗ್ರೀನ್‌ಲಾನ ಕಾಲದಲ್ಲಿ 'ಚಿತ್ರ ಚೆಂದ ಮಾಡುವ' ಯಂತ್ರವಿದ್ದು, ಅದು ಮುರಿದ ಕಂಬವನ್ನು ತಾನೇ ಸರಿಪಡಿಸಿಬಿಟ್ಟಿದ್ದರೆ ಏನಾಗುತ್ತಿತ್ತು, ಯೋಚಿಸಿ.

ರಸಾಯನದಿಂದ ಅಂಕಿಗಳಿಗೆ

ಬೆಳಕಿಗೂ ಚಿತ್ರದ ಕಪ್ಪಿಗೂ ಇರುವ ಸಂಬಂಧವನ್ನು ಮೊದಲು ಕ್ರಮವಾಗಿ ಅಳೆದವರು ಇಂಗ್ಲೆಂಡಿನಲ್ಲಿದ್ದ ಫರ್ಡಿನಾಂಡ್ ಹರ್ಟರ್ ಮತ್ತು ವೆರೊ ಡ್ರಿಫೀಲ್ಡ್. 1890ರಲ್ಲಿ ಅವರು ಪ್ರಕಟಿಸಿದ ವಕ್ರರೇಖೆ ಇಂದಿಗೂ ಅವರ ಹೆಸರಿನಲ್ಲೇ ಇದೆ. ಅದರ ಕೆಳತುದಿ ಮಟ್ಟಸ, ನಡುಭಾಗ ಓರೆಯಾದ ಸರಳರೇಖೆ, ಮೇಲ್ತುದಿ ಮತ್ತೆ ಮಟ್ಟಸ. ನಡುಭಾಗದಲ್ಲಿ ಬಿದ್ದ ಬೆಳಕು ಮಾತ್ರ ನಿಷ್ಠೆಯಿಂದ ದಾಖಲಾಗುತ್ತದೆ. ಮುಂದೆ ಚಾರ್ಲ್ಸ್ ವೈಕಾಫ್ ಎಂಬಾತ ಬೇರೆಬೇರೆ ಸೂಕ್ಷ್ಮತೆಯ ಮೂರು ಪದರಗಳನ್ನು ಒಂದರ ಮೇಲೊಂದು ಇಟ್ಟ ಫಿಲ್ಮ್ ತಯಾರಿಸಿದ. ಪರಮಾಣು ಬಾಂಬ್ ಸ್ಫೋಟಗಳ ಕಣ್ಣು ಕೋರೈಸುವ ಬೆಳಕನ್ನು ದಾಖಲಿಸಲು ಅದು ಬಳಕೆಯಾಯಿತು.

ಚಿತ್ರವನ್ನು ಅಂಕಿಗಳಾಗಿ ಒಡೆಯುವ ಕೆಲಸ ಪತ್ರಿಕೆಗಳಿಂದ ಆರಂಭವಾಯಿತು. 1920ರ ದಶಕದಲ್ಲಿ ಬಾರ್ಟ್‌ಲೇನ್ ಪದ್ಧತಿಯಿಂದ ಲಂಡನ್ನಿನ ಚಿತ್ರಗಳು ಸಮುದ್ರದಡಿಯ ತಂತಿಯ ಮೂಲಕ ಮೂರು ಗಂಟೆಯೊಳಗೆ ನ್ಯೂಯಾರ್ಕ್ ತಲುಪುತ್ತಿದ್ದವು. ಮೊದಲಿಗೆ ಬಿಳಿಯಿಂದ ಕಪ್ಪಿನವರೆಗೆ 5 ಹಂತಗಳು; 1929ರ ಹೊತ್ತಿಗೆ 15. ಕಂಪ್ಯೂಟರಿಗೆ ಚಿತ್ರ ತೋರಿಸಿದವರು ಅಮೆರಿಕದ ಮಾನಕ ಸಂಸ್ಥೆಯ ರಸೆಲ್ ಕಿರ್ಶ್. 1957ರಲ್ಲಿ ಅವರು ತಮ್ಮ ಮೂರು ತಿಂಗಳ ಮಗುವಿನ ಚಿತ್ರವನ್ನು 176 ಸಾಲು, 176 ಕಂಬ, ಅಂದರೆ 30,976 ಬಿಂದುಗಳಾಗಿ ಒಡೆದರು. ಅವರ ಯಂತ್ರಕ್ಕೆ ಗೊತ್ತಿದ್ದುದು ಕಪ್ಪು, ಬಿಳಿ ಎರಡೇ. ಬೂದು ಛಾಯೆಗಳನ್ನು ಪಡೆಯಲು ಅವರು ಬೇರೆಬೇರೆ ಮಿತಿಗಳಲ್ಲಿ ಹಲವು ಸಲ ಓದಿ ಒಟ್ಟುಗೂಡಿಸಿದರು. ಬಾಲ್ದುವಿನ ಉಪಾಯವೇ ಹೊಸ ವೇಷದಲ್ಲಿ ಬಂದಂತಾಯಿತು.

1964ರ ಜುಲೈ 31ರಂದು ರೇಂಜರ್-7 ನೌಕೆ ಚಂದ್ರನಿಗೆ ಅಪ್ಪಳಿಸುವ ಮುನ್ನ 4,308 ಚಿತ್ರಗಳನ್ನು ಕಳಿಸಿತು. ಕ್ಯಾಮೆರಾ ತಂದ ವಿರೂಪಗಳನ್ನು ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯಲ್ಲಿ ಕಂಪ್ಯೂಟರಿನಿಂದ ಸರಿಪಡಿಸಲಾಯಿತು. ಬಿಂಬ ಸಂಸ್ಕರಣೆ ಎಂಬ ಶಾಸ್ತ್ರಕ್ಕೆ ಇದು ಒಂದು ದೊಡ್ಡ ಆರಂಭ. ಇಲ್ಲಿ ಪಾಲಿಸಿದ ಶಿಸ್ತನ್ನು ಗಮನಿಸಿ. ಕ್ಯಾಮೆರಾದ ದೋಷ ಎಷ್ಟೆಂದು ಮೊದಲೇ ಅಳೆದಿದ್ದರು, ಅಷ್ಟನ್ನೇ ಕಳೆದರು. ಚಂದ್ರನ ಮೇಲೆ ಹೊಸ ಕುಳಿಗಳನ್ನು ಯಾರೂ ತೋಡಲಿಲ್ಲ.

ಅದೇ 1964ರಲ್ಲಿ ಪೋಲರಾಯ್ಡ್ ಸ್ಥಾಪಕ ಎಡ್ವಿನ್ ಲ್ಯಾಂಡ್ 'ರೆಟಿನೆಕ್ಸ್' ಎಂಬ ಪದವನ್ನು ಟಂಕಿಸಿದರು. ಕಣ್ಣಿನ ರೆಟಿನಾ ಮತ್ತು ಮಿದುಳಿನ ಕಾರ್ಟೆಕ್ಸ್ ಸೇರಿ ಆದ ಪದ ಅದು. ವಸ್ತುವಿನಿಂದ ಬರುವ ಬೆಳಕು ಎಂದರೆ ಬಿದ್ದ ಬೆಳಕು ಗುಣಿಸು ಪ್ರತಿಫಲನ ಸಾಮರ್ಥ್ಯ. ಬಿದ್ದ ಬೆಳಕು ಸಾಮಾನ್ಯವಾಗಿ ನಿಧಾನವಾಗಿ ಬದಲಾಗುತ್ತದೆ. ಪ್ರತಿಫಲನ ವಸ್ತುಗಳ ಅಂಚಿನಲ್ಲಿ ಥಟ್ಟನೆ ಬದಲಾಗುತ್ತದೆ. ಇವೆರಡನ್ನು ಬೇರ್ಪಡಿಸಿದರೆ ನೆರಳಿನಲ್ಲಿರುವ ಬಿಳಿ ಗೋಡೆಯನ್ನೂ ಬಿಳಿಯೆಂದೇ ಗುರುತಿಸಬಹುದು. 1971ರಲ್ಲಿ ಲ್ಯಾಂಡ್ ಮತ್ತು ಜಾನ್ ಮೆಕಾನ್ ಇದಕ್ಕೆ ಗಣಿತದ ರೂಪ ಕೊಟ್ಟರು. ಮಬ್ಬು ಚಿತ್ರವನ್ನು ಬೆಳಗಿಸುವ ಅನೇಕ ತಂತ್ರಾಂಶಗಳ ಬೇರು ಇಲ್ಲಿದೆ.

1995ರಲ್ಲಿ ಸ್ಟೀವ್ ಮಾನ್ ಮತ್ತು ರೋಸಲಿಂಡ್ ಪಿಕಾರ್ಡ್, 1997ರಲ್ಲಿ ಪಾಲ್ ಡೆಬೆವೆಕ್ ಮತ್ತು ಜಿತೇಂದ್ರ ಮಲಿಕ್, ಬೇರೆಬೇರೆ ಅವಧಿಯ ಹಲವು ಚಿತ್ರಗಳಿಂದ ದೃಶ್ಯದ ನಿಜವಾದ ದೀಪ್ತಿಯನ್ನು ಲೆಕ್ಕ ಹಾಕುವ ವಿಧಾನಗಳನ್ನು ಕೊಟ್ಟರು. 2007ರಲ್ಲಿ ಮೆರ್ಟೆನ್ಸ್ ಮತ್ತು ಸಂಗಡಿಗರು ಇನ್ನೂ ಸರಳವಾದ ದಾರಿ ತೋರಿಸಿದರು. ಪ್ರತಿಯೊಂದು ಚಿತ್ರದಲ್ಲಿ ಯಾವ ಭಾಗ ಚೆನ್ನಾಗಿ ಬಂದಿದೆಯೋ ಅದಕ್ಕೆ ಹೆಚ್ಚು ತೂಕ ಕೊಟ್ಟು ನಯವಾಗಿ ಬೆಸೆಯುವುದು. ಮನೆಗಳ ಒಳಾಂಗಣ ಚಿತ್ರ ತೆಗೆಯುವವರಿಗೆ ಈ ಬಗೆಯ ವಿಧಾನಗಳು ವರವಾದವು. ಮುಕ್ಕಾಲಿಯ ಮೇಲೆ ಕ್ಯಾಮೆರಾ ಇಟ್ಟು ಮೂರೋ ಐದೋ ಚಿತ್ರ ತೆಗೆದರೆ ಕೋಣೆಯೂ ಬಂತು, ಕಿಟಕಿಯಾಚೆಗಿನ ದೃಶ್ಯವೂ ಬಂತು. 2010ರ ದಶಕದಲ್ಲಿ ಮೊಬೈಲ್ ಫೋನುಗಳು ಇದನ್ನು ತಾವೇ ಮಾಡತೊಡಗಿದವು. ಒಂದರ ಹಿಂದೊಂದು N ಚಿತ್ರ ತೆಗೆದು ಸರಾಸರಿ ಮಾಡಿದರೆ ಗದ್ದಲ N ನ ವರ್ಗಮೂಲದಷ್ಟು ಪಟ್ಟು ಕುಗ್ಗುತ್ತದೆ. 9 ಚಿತ್ರಕ್ಕೆ ಗದ್ದಲ ಮೂರನೇ ಒಂದು ಭಾಗ.

ಇಲ್ಲಿಯವರೆಗಿನ ಸುಧಾರಣೆಗಳಿಗೆಲ್ಲ ಒಂದು ಸಮಾನ ಗುಣವಿದೆ. ಹೆಚ್ಚಿನ ವಿವರ ಬೇಕಾದರೆ ಹೆಚ್ಚಿನ ಫೋಟಾನುಗಳನ್ನು ಅದೇ ದೃಶ್ಯದಿಂದ ತರಬೇಕು.

ಕೋಣೆ ದೊಡ್ಡದಾಗುವುದು ಹೇಗೆ?

ಒಂದು ಹಾದಿ ಬಿಟ್ಟ ಮಾತು. ಏನನ್ನೂ ತಿದ್ದದೆಯೂ ಚಿತ್ರ ದಾರಿ ತಪ್ಪಿಸಬಲ್ಲುದು. 36 ಮಿ.ಮೀ. ಅಗಲದ ಸಂವೇದಕದ ಮುಂದೆ 50 ಮಿ.ಮೀ. ನಾಭಿದೂರದ ಮಸೂರ ಇಟ್ಟರೆ ಅಡ್ಡಲಾಗಿ ಸುಮಾರು 40 ಡಿಗ್ರಿ ಕಾಣುತ್ತದೆ. 16 ಮಿ.ಮೀ. ಮಸೂರಕ್ಕೆ ಸುಮಾರು 97 ಡಿಗ್ರಿ. ಈ ಎರಡನೆಯ ಚಿತ್ರವನ್ನು ಹತ್ತು ಪಟ್ಟು ದೊಡ್ಡದು ಮಾಡಿದಾಗ, ಯಥಾವತ್ತಾದ ಆಳ ಕಾಣಬೇಕಾದರೆ 16 ಸೆಂ.ಮೀ. ದೂರದಿಂದ ನೋಡಬೇಕು. ನಾವು ನೋಡುವುದು 40 ಸೆಂ.ಮೀ. ದೂರದಿಂದ. ಆಗ ಜ್ಯಾಮಿತಿಯ ಪ್ರಕಾರ ಆಳ ಎರಡೂವರೆ ಪಟ್ಟು ಹಿಗ್ಗುತ್ತದೆ. ಹತ್ತಡಿ ಕೋಣೆ ಸಭಾಂಗಣವಾಗುವುದು ಹೀಗೆ. ನಕ್ಷೆಯಲ್ಲಿರುವ ಅಳತೆ ಕೇಳದೆ ಚಿತ್ರ ನೋಡಿ ಕೋಣೆಯ ಗಾತ್ರ ಊಹಿಸಬೇಡಿ.

ಕಲಿತ ಯಂತ್ರ

ಈಗ ಕೃತಕ ಬುದ್ಧಿಮತ್ತೆಗೆ ಬರೋಣ. 2014ರಲ್ಲಿ ಹಾಂಗ್‌ಕಾಂಗಿನ ಸಂಶೋಧಕರು ನರಜಾಲವೊಂದಕ್ಕೆ ಮಸುಕು ಚಿತ್ರ ಮತ್ತು ಅದರ ಸ್ಪಷ್ಟ ರೂಪದ ಜೋಡಿಗಳನ್ನು ತೋರಿಸಿ, ಮಸುಕಿನಿಂದ ಸ್ಪಷ್ಟತೆಗೆ ಹೋಗುವುದನ್ನು ಕಲಿಸಿದರು. ಆದರೆ ಯಂತ್ರಕ್ಕೆ 'ಸರಾಸರಿ ತಪ್ಪು ಕಡಿಮೆಯಿರಲಿ' ಎಂದಷ್ಟೇ ಹೇಳಿದರೆ ಅದು ಎಲ್ಲ ಸಾಧ್ಯತೆಗಳ ಸರಾಸರಿಯನ್ನು ಕೊಡುತ್ತದೆ. ಚಿತ್ರ ನುಣುಪಾಗಿ, ಜೀವವಿಲ್ಲದಂತಿರುತ್ತದೆ. ಅದೇ 2014ರಲ್ಲಿ ಇಯಾನ್ ಗುಡ್‌ಫೆಲೋ ಮತ್ತು ಸಂಗಡಿಗರು ಎರಡು ಜಾಲಗಳನ್ನು ಎದುರುಬದುರು ನಿಲ್ಲಿಸಿದರು. ಒಂದು ಚಿತ್ರ ಸೃಷ್ಟಿಸುತ್ತದೆ, ಇನ್ನೊಂದು ಅದು ಅಸಲಿಯೋ ನಕಲಿಯೋ ಎಂದು ಪರೀಕ್ಷಿಸುತ್ತದೆ. 2017ರಲ್ಲಿ ಈ ಪೈಪೋಟಿಯನ್ನು ಚಿತ್ರ ಸ್ಪಷ್ಟಗೊಳಿಸಲು ಬಳಸಿದಾಗ ಗರಿಗರಿಯಾದ ವಿವರಗಳು ಮೂಡಿದವು. 2015ರಲ್ಲಿ ಉಷ್ಣಬಲ ವಿಜ್ಞಾನದಿಂದ ಸ್ಫೂರ್ತಿ ಪಡೆದ ವಿಸರಣ ಮಾದರಿಗಳು ಬಂದವು. ನೀರಿನಲ್ಲಿ ಶಾಯಿ ಹರಡುವಂತೆ ಚಿತ್ರಕ್ಕೆ ಹಂತಹಂತವಾಗಿ ಗದ್ದಲ ಸೇರಿಸಿ, ಆ ದಾರಿಯನ್ನು ಹಿಂದುಮುಂದಾಗಿ ನಡೆಯುವುದನ್ನು ಯಂತ್ರಕ್ಕೆ ಕಲಿಸುವುದು ಇದರ ತಿರುಳು. 2020ರ ಅನಂತರ ಇವು ಅಚ್ಚರಿಯ ವೇಗದಲ್ಲಿ ಬೆಳೆದವು. ಖಾಲಿ ಕೋಣೆಗೆ ಸೋಫಾ ಹಾಕುವುದು, ಒಣಗಿದ ಹುಲ್ಲನ್ನು ಹಸಿರು ಮಾಡುವುದು, ಬಿಳಿಯಾದ ಕಿಟಕಿಗೆ ಆಕಾಶ ತುಂಬುವುದು, ಎಲ್ಲವೂ ಒಂದು ಬಟನ್ನಿನ ಕೆಲಸವಾಯಿತು.

ಇದರಿಂದ ನಿಜವಾದ ಉಪಯೋಗವಿಲ್ಲವೆಂದಲ್ಲ. 2018ರಲ್ಲಿ ಚೆನ್ ಚೆನ್ ಮತ್ತು ಸಂಗಡಿಗರು ಕಗ್ಗತ್ತಲಿನಲ್ಲಿ ತೆಗೆದ ಚಿತ್ರಗಳ ಕಚ್ಚಾ ದತ್ತಾಂಶದಿಂದ ನೋಡಲು ಯೋಗ್ಯವಾದ ಚಿತ್ರ ಪಡೆಯಬಹುದೆಂದು ತೋರಿಸಿದರು. ಅಲ್ಲಿ ಸಂವೇದಕಕ್ಕೆ ಬಿದ್ದ ಕೆಲವೇ ಫೋಟಾನುಗಳ ಕುರುಹು ಗದ್ದಲದಲ್ಲಿ ಹುದುಗಿತ್ತು. ಯಂತ್ರ ಅದನ್ನು ಹೆಕ್ಕಿತು.

ಆದರೆ 255 ಎಂದು ಬರೆದ ಜಾಗದಲ್ಲಿ ಹೆಕ್ಕಲು ಏನಿದೆ? 1948ರಲ್ಲಿ ಕ್ಲಾಡ್ ಶಾನನ್ ಕಟ್ಟಿದ ಮಾಹಿತಿ ಸಿದ್ಧಾಂತದಿಂದ ಹೊರಡುವ ಒಂದು ಫಲಿತಾಂಶ ಹೀಗಿದೆ: ದತ್ತಾಂಶವನ್ನು ನೀವು ಹೇಗೆ ಸಂಸ್ಕರಿಸಿದರೂ ಮೂಲ ದೃಶ್ಯದ ಬಗ್ಗೆ ಅದರಲ್ಲಿರುವ ಮಾಹಿತಿ ಹೆಚ್ಚುವುದಿಲ್ಲ. ಉಳಿಯಬಹುದು, ಕಡಿಮೆಯಾಗಬಹುದು, ಅಷ್ಟೆ. ಹಾಗಾದರೆ ಮರ ಬಂದುದು ಎಲ್ಲಿಂದ? ಯಂತ್ರ ಕಲಿಯುವಾಗ ನೋಡಿದ ಲಕ್ಷಾಂತರ ಬೇರೆ ಮನೆಗಳಿಂದ. 'ಕಿಟಕಿಗಳಾಚೆ ಸಾಮಾನ್ಯವಾಗಿ ಏನಿರುತ್ತದೆ?' ಎಂಬ ಪ್ರಶ್ನೆಗೆ ಅದು ಉತ್ತರ ಕೊಟ್ಟಿತು. ನನ್ನ ತಂಗಿಯ ಮಗ ಕೇಳಿದ್ದು 'ಈ ಕಿಟಕಿಯಾಚೆ ಏನಿದೆ?' ಎಂದು. ಮೊದಲನೆಯದು ಸಂಭಾವ್ಯತೆ, ಎರಡನೆಯದು ಸಾಕ್ಷ್ಯ. ಎರಡೂ ಪರದೆಯ ಮೇಲೆ ಒಂದೇ ಸ್ಪಷ್ಟತೆಯಲ್ಲಿ ಕಾಣುವುದೇ ಅಪಾಯ.

ಎರಡು ಉದಾಹರಣೆ ಕೊಡುತ್ತೇನೆ. 2020ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಪಲ್ಸ್ ಎಂಬ ತಂತ್ರಾಂಶಕ್ಕೆ ಯಾರೋ ಬರಾಕ್ ಒಬಾಮರ ಚೌಕಚೌಕವಾಗಿ ಮಸುಕಾದ ಚಿತ್ರ ಕೊಟ್ಟರು. ಅದು ಸ್ಪಷ್ಟವಾದ ಮುಖವೊಂದನ್ನು ಕೊಟ್ಟಿತು, ಆದರೆ ಅದು ಯಾರೋ ಬಿಳಿಯನ ಮುಖ! ಇನ್ನೊಂದು, ಕೃತಕ ಬುದ್ಧಿಮತ್ತೆಗೂ ಹಿಂದಿನದು ಮತ್ತು ಮನೆಗೇ ಸಂಬಂಧಿಸಿದ್ದು. 2013ರಲ್ಲಿ ಜರ್ಮನಿಯ ಡೇವಿಡ್ ಕ್ರೀಸೆಲ್ ಒಂದು ಕಟ್ಟಡದ ನಕ್ಷೆಯನ್ನು ಜೆರಾಕ್ಸ್ ಕಂಪನಿಯ ಯಂತ್ರದಲ್ಲಿ ಸ್ಕ್ಯಾನ್ ಮಾಡಿದ್ದನ್ನು ಪರಿಶೀಲಿಸಿದರು. ಮೂಲದಲ್ಲಿ ಮೂರು ಕೋಣೆಗಳ ವಿಸ್ತೀರ್ಣ 14.13, 17.42 ಮತ್ತು 21.11 ಚದರ ಮೀಟರ್. ಪ್ರತಿಯಲ್ಲಿ ಮೂರೂ 14.13! ಕಡತದ ಗಾತ್ರ ತಗ್ಗಿಸಲು ಯಂತ್ರ ಒಂದೇ ತೆರನಾಗಿ ಕಂಡ ತುಣುಕುಗಳಿಗೆ ಒಂದೇ ತುಣುಕನ್ನು ಅಂಟಿಸುತ್ತಿತ್ತು. ಅಂಕಿಗಳು ಮಸುಕಾಗಿದ್ದರೆ ಯಾರಾದರೂ ಅನುಮಾನ ಪಡುತ್ತಿದ್ದರು. ಅವು ಬಹಳ ಸ್ಪಷ್ಟವಾಗಿದ್ದವು, ತಪ್ಪಾಗಿದ್ದವು. ಅನಂತರ ಕಂಪನಿ ತಿದ್ದುಪಡಿ ತಂತ್ರಾಂಶ ಒದಗಿಸಿತು.

ಗೆರೆ ಎಲ್ಲಿ ಎಳೆಯಬೇಕು?

ಇಷ್ಟನ್ನು ತಿಳಿದ ಮೇಲೆ ಚಿತ್ರದ ಸುಧಾರಣೆಗಳನ್ನು ಮೂರು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯದು, ಇದ್ದ ಬೆಳಕಿನ ಮರುಹಂಚಿಕೆ. ಪ್ರಕಾಶ ಹೆಚ್ಚಿಸುವುದು, ಬಣ್ಣದ ಸಮತೋಲ, ವಾಲಿದ ಗೋಡೆ ನೆಟ್ಟಗೆ ಮಾಡುವುದು. ಎರಡನೆಯದು, ಅದೇ ದೃಶ್ಯದ ಇನ್ನಷ್ಟು ಬೆಳಕನ್ನು ತಂದು ಬೆಸೆಯುವುದು. ಬಾಲ್ದುವಿನಿಂದ ಇಂದಿನ ಮೊಬೈಲಿನವರೆಗೆ ಇದು ನಡೆದಿದೆ. ಮೂರನೆಯದು, ಇಲ್ಲದ್ದನ್ನು ಊಹಿಸಿ ತುಂಬುವುದು ಅಥವಾ ಇದ್ದುದನ್ನು ಅಳಿಸುವುದು. ಮೊದಲ ಎರಡು ಮಾಪನದ ಜಾತಿಗೆ ಸೇರಿದವು. ಮೂರನೆಯದು ಚಿತ್ರಕಲೆ.

ಕಾನೂನು ಕೂಡ ಈ ಗೆರೆಯ ಹತ್ತಿರ ಬರುತ್ತಿದೆ. ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯ 2025ರಲ್ಲಿ ಮಾಡಿದ ಶಾಸನ 2026ರ ಜನವರಿ 1ರಿಂದ ಜಾರಿಗೆ ಬಂತು. ಅದರ ಪ್ರಕಾರ ಮನೆ ಮಾರಾಟದ ಜಾಹೀರಾತಿನ ಚಿತ್ರದಲ್ಲಿ ವಸ್ತುಗಳನ್ನು ಸೇರಿಸಿದ್ದರೆ, ಅಳಿಸಿದ್ದರೆ ಅಥವಾ ಬದಲಿಸಿದ್ದರೆ ಅದನ್ನು ಹೇಳಬೇಕು, ಮೂಲ ಚಿತ್ರವೂ ನೋಡಲು ಸಿಗುವಂತಿರಬೇಕು. ಬೆಳಕು, ಬಣ್ಣ, ಓರೆ ಇವುಗಳ ಸಾಮಾನ್ಯ ತಿದ್ದುಪಡಿಗೆ ವಿನಾಯಿತಿ ಇದೆ. ನಮ್ಮ ದೇಶದ 2016ರ ಸ್ಥಿರಾಸ್ತಿ ಕಾಯಿದೆಯ 12ನೇ ಪ್ರಕರಣವು, ನಿರ್ಮಾಣಗಾರರ ಜಾಹೀರಾತಿನ ಸುಳ್ಳು ವಿವರವನ್ನು ನಂಬಿ ಮುಂಗಡ ಕೊಟ್ಟು ನಷ್ಟ ಅನುಭವಿಸಿದವರಿಗೆ ಪರಿಹಾರದ ಹಕ್ಕು ಕೊಡುತ್ತದೆ. ಆದರೆ ಅದು ಹೇಳುವುದು ನಿರ್ಮಾಣಗಾರರ ಬಗ್ಗೆ. ಒಬ್ಬರು ತಮ್ಮ ಹಳೆಯ ಫ್ಲ್ಯಾಟನ್ನು ಇನ್ನೊಬ್ಬರಿಗೆ ಮಾರುವಾಗ ತೋರಿಸುವ ಚಿತ್ರಕ್ಕೆ ನಮ್ಮ ಎಚ್ಚರವೇ ಮೊದಲ ಕಾವಲು.

ನೀವೇ ಮಾಡಿ ನೋಡಿ

ಅಧ್ಯಾಪಕ ಮಿತ್ರರು ಇದನ್ನು ತರಗತಿಯಲ್ಲೇ ಮಾಡಿಸಬಹುದು. ಬಿಸಿಲಿನ ಹೊತ್ತಿನಲ್ಲಿ ಕೋಣೆಯ ದೀಪ ಆರಿಸಿ, ಕಿಟಕಿ ಇರುವ ಗೋಡೆಯತ್ತ ಮೊಬೈಲನ್ನು ಅಲುಗಾಡದಂತೆ ಇಡಿ. ಅನೇಕ ಚಿತ್ರಗಳನ್ನು ಬೆಸೆಯುವ ಸೌಲಭ್ಯವನ್ನು ಸಾಧ್ಯವಾದರೆ ನಿಲ್ಲಿಸಿ. ಪರದೆಯಲ್ಲಿ ಕೋಣೆಯ ಮೂಲೆಯನ್ನು ಮುಟ್ಟಿ ಒಂದು ಚಿತ್ರ, ಕಿಟಕಿಯನ್ನು ಮುಟ್ಟಿ ಇನ್ನೊಂದು ಚಿತ್ರ ತೆಗೆಯಿರಿ. ಎರಡನ್ನೂ ಕಂಪ್ಯೂಟರಿನಲ್ಲಿ ತೆರೆದು ಕಿಟಕಿಯ ಭಾಗದ ಬಿಂದುಗಳ ಬೆಲೆ ಓದಿ. ಮೊದಲನೆಯದರಲ್ಲಿ 255ರ ಸಾಲು ಸಿಗುತ್ತದೆ. ಈಗ ಆ ಮೊದಲ ಚಿತ್ರವನ್ನು ಮಾತ್ರ ಕೃತಕ ಬುದ್ಧಿಮತ್ತೆಯ ಯಾವುದಾದರೂ ತಂತ್ರಾಂಶಕ್ಕೆ ಕೊಟ್ಟು ಕಿಟಕಿಯ ದೃಶ್ಯ ತುಂಬಲು ಹೇಳಿ. ಅದು ಕೊಟ್ಟದ್ದನ್ನು ಎರಡನೆಯ ಚಿತ್ರದೊಂದಿಗೆ ಹೋಲಿಸಿ. ಅದೇ ಆಜ್ಞೆಯನ್ನು ಮೂರು ಸಲ ಕೊಟ್ಟರೆ ಮೂರು ಬೇರೆ ದೃಶ್ಯಗಳು ಬರುತ್ತವೆಯೇ, ಅದನ್ನೂ ನೋಡಿ. ಹೊರಗಿರುವ ದೃಶ್ಯ ಒಂದೇ ಅಲ್ಲವೇ?

ತಂಗಿಯ ಮಗನಿಗೆ ಟೋಕನ್ ಹಣದಲ್ಲಿ ಅರ್ಧ ಮಾತ್ರ ವಾಪಸು ಬಂತು. ಆಮೇಲೆ ನೋಡಿದ ಮನೆಯ ಚಿತ್ರಗಳು ಅಷ್ಟೇನೂ ಚೆನ್ನಾಗಿರಲಿಲ್ಲ. ಅಡುಗೆಮನೆಯ ಕಿಟಕಿ ಅದರಲ್ಲೂ ಬಿಳಿಯ ಚೌಕವೇ. ಈ ಸಲ ಅವನು ಹಣ ಕಳಿಸುವ ಮೊದಲೇ ನನಗೆ ಫೋನ್ ಮಾಡಿದ. ನಾನು ಮತ್ತು ತಂಗಿ ಇಬ್ಬರೂ ಬೆಳಿಗ್ಗೆ ಒಂಬತ್ತಕ್ಕೆ ಒಮ್ಮೆ, ಸಂಜೆ ನಾಲ್ಕಕ್ಕೆ ಒಮ್ಮೆ ಅಲ್ಲಿಗೆ ಹೋಗಿ ಕಿಟಕಿ ತೆರೆದು ನೋಡಿದೆವು. ಆಚೆಗೆ ಒಂದು ಖಾಲಿ ನಿವೇಶನ, ಅದರಲ್ಲೊಂದು ಹೊಂಗೆ ಮರ. ತಂಗಿ ಕಟ್ಟೆಯ ಮೇಲೆ ಅಕ್ಕಿ ಹರಡಿ, ಕಲ್ಲು ಆರಿಸಲು ಆಗುತ್ತದೆಯೇ ಎಂದು ಪರೀಕ್ಷಿಸಿದಳು. ಆಯಿತು.